ಜೇಬಿನ ಮೀಟರು, ಕುಂದೂರಿನ ನೀರು

ನೀರಿನ ಫಿಲ್ಟರ್ ರಿಪೇರಿ ಮಾಡೋನಿಗೆ ವಾರಕ್ಕೊಂದು ಫಜೀತಿ ಗ್ಯಾರಂಟಿ. ಹಲ್ಲಿನ ಡಾಕ್ಟ್ರ ಮುಂದೆ ಜನ ಬಾಯಿ ತೆಗೆದು ಸುಮ್ಮನೆ ಕೂರ್ತಾರೆ. ನನ್ನ ಮುಂದೆ ಬಾಯಿ ತೆಗೆದೋರು ಮುಚ್ಚೋದೇ ಇಲ್ಲ. ಅವರ ನೀರು, ಅವರಜ್ಜನ ಬಾವಿ, ಪಕ್ಕದ ಮನೆಯವರ ನಲ್ಲಿ, ಎಲ್ಲ ನನ್ನ ಕಿವಿಗೇ ಸುರೀತಾರೆ.

ನನ್ನ ಅಂಗಡಿ ಸಕಲೇಶಪುರದಲ್ಲಿ, ಮನೆ ಬಾಳ್ಳುಪೇಟೆಯಲ್ಲಿ. ಶರ್ಟಿನ ಜೇಬಲ್ಲಿ ಪೆನ್ನಿನ ಥರದ್ದೊಂದು ಮೀಟರು ಸದಾ ಇರುತ್ತೆ. ಅದರ ಮೂತಿ ನೀರಿಗೆ ಅದ್ದಿದ್ರೆ ನೀರಲ್ಲಿ ಉಪ್ಪು, ಸುಣ್ಣ ಎಷ್ಟು ಕರಗೈತೆ ಅಂತ ನಂಬರ್ ತೋರಿಸುತ್ತೆ. ನಂಬರ್ ಕಮ್ಮಿ ಬಂದ್ರೆ ಮೆದು ನೀರು. ಸೋಪು ನೊರೆ ಕಟ್ಟುತ್ತೆ, ಬೇಳೆ ಬೇಯುತ್ತೆ. ಜಾಸ್ತಿ ಬಂದ್ರೆ ಗಡಸು ನೀರು. ಪಾತ್ರೆಗೆಲ್ಲ ಬಿಳಿ ಪೊರೆ, ಕಾಳು ಬೇಯಲ್ಲ, ಬೈಗುಳ ಯಜಮಾನನಿಗೆ. ನಮ್ಮ ಕಡೆ ಹೊಳೆ ನೀರು, ಬೆಟ್ಟದ ಒರತೆ ನೀರು ಮೆದು. ಬೋರ್ ನೀರು ಗಡಸು. ಇಷ್ಟು ತಿಳ್ಕೊಂಡ್ರೆ ನನ್ನ ವಿದ್ಯೆಯೆಲ್ಲ ನಿಮಗೂ ಬಂದಂಗೆ.

ನಾನು ಹೇಳೋ ಕಾಲಕ್ಕೆ ನನಗೆ ಮೂವತ್ನಾಲ್ಕು ವರ್ಷ, ಮದುವೆ ಇಲ್ಲ. ಅವ್ವ ನಾಲ್ಕು ವರ್ಷದಿಂದ ಹೆಣ್ಣು ಹುಡುಕಿ ಹುಡುಕಿ ಚಪ್ಪಲಿ ಸವೆಸಿದ್ಲು. ಜಾತಕ ನೋಡಿದೋರು ದೋಷ ಏನೂ ಇಲ್ಲ ಅಂದ್ರೆ ಅವಳು ಒಪ್ತಿರಲಿಲ್ಲ. ದೋಷ ಐತೆ, ಆದ್ರೆ ಅದು ಜಾತಕದಲ್ಲಿಲ್ಲ, ಇವನ ಜೇಬಲ್ಲೈತೆ ಅಂತಿದ್ಲು. ಆ ಕಡ್ಡಿ ಬಿಸಾಕೋ ತನಕ ಈ ಮನೆಗೆ ಸೊಸೆ ಬರಲ್ಲ ಅಂತ ಶಾಪಾನೂ ಹಾಕಿದ್ಲು. ಅವಳದ್ದು ಸುಳ್ಳಲ್ಲ ಅನ್ನೋದಕ್ಕೆ ಕೆಳಗಿನ ಪುರಾಣ ಕೇಳಿ.

ನೂರಕ್ಕೆ ಎಷ್ಟು?

ಸಕಲೇಶಪುರದ ಒಂದು ಬೀದೀಲಿ ಅಕ್ಕಪಕ್ಕ ಎರಡು ಮನೆ. ಒಂದು ಮನೆಗೆ ಸ್ವಂತ ಬೋರು, ಇನ್ನೊಂದಕ್ಕೆ ಹೊಳೆ ನೀರಿನ ನಲ್ಲಿ. ಬೋರಿನ ಮನೆಯಮ್ಮ ಫಿಲ್ಟರ್ ಸರ್ವೀಸಿಗೆ ಕರೆದಿದ್ರು. ಮೀಟರ್ ಅದ್ದಿದೆ, ನಾನೂರ ಎಂಬತ್ತು ಬಂತು. ಎಷ್ಟು ಅಂತ ಕೇಳಿದ್ರು. ನನ್ನ ಬಾಯಲ್ಲಿ ಸ್ಕ್ರೂ ಇತ್ತು, ನಂಬರ್ ಮಾತ್ರ ಹೇಳಿದೆ. ಅವರು ಕಾಂಪೌಂಡಿನ ಹತ್ರ ಹೋಗಿ, ನಮ್ಮನೆ ನೀರಿಗೆ ನಾನೂರ ಎಂಬತ್ತು ಬಂತು ಕಣ್ರೀ, ನಿಮ್ಮದೂ ನೋಡಿಸ್ಕೊಳ್ಳಿ ಅಂತ ಪಕ್ಕದ ಮನೆಯಮ್ಮನಿಗೆ ಹೇಳೇಬಿಟ್ರು.

ಪಕ್ಕದ ಮನೆಯಮ್ಮ ನಲ್ಲಿ ನೀರು ಬಿಂದಿಗೇಲಿ ತಂದು ಮುಂದಿಟ್ರು. ಎಪ್ಪತ್ತು ಬಂತು. ಅವರ ಮುಖ ಇಳಿದೇಹೋಯ್ತು.

"ದಿನಾ ಹುಣಸೆಹಣ್ಣು ಹಾಕಿ ಬಿಂದಿಗೆ ಉಜ್ತೀನಿ, ಎರಡು ಸಲ ಬಟ್ಟೇಲಿ ಸೋಸ್ತೀನಿ. ನಮಗೆ ಎಪ್ಪತ್ತು, ಬಿಂದಿಗೆ ತಿಕ್ಕದೇ ಇರೋ ಆ ಮನೆಗೆ ನಾನೂರ ಎಂಬತ್ತಾ?"

ಅಮ್ಮಾ, ಇದು ಪರೀಕ್ಷೆ ಮಾರ್ಕ್ಸಲ್ಲ, ಸಕ್ಕರೆ ಕಾಯಿಲೆ ಇದ್ದಂಗೆ, ಕಮ್ಮಿ ಬಂದಷ್ಟೂ ಒಳ್ಳೇದು ಅಂತ ಬಿಡಿಸಿ ಹೇಳಿದೆ. ಅವರ ಮುಖ ಅರಳ್ತು. ಆದ್ರೆ ಕಾಂಪೌಂಡಿನ ಆ ಕಡೆಯಿಂದ ಬೋರಿನ ಮನೆಯಮ್ಮ ಅದನ್ನ ಕೇಳಿಸ್ಕೊಂಡು, ಹಂಗಾದ್ರೆ ನಮ್ಮ ನೀರಿಗೆ ಕಾಯಿಲೆ ಅಂತೀಯೇನೋ ಅಂತ ನನ್ನ ಸ್ಪ್ಯಾನರ್ ತಂದು ಗೇಟಿನ ಹೊರಗಿಟ್ರು. ಇತ್ತ ನಲ್ಲಿ ಮನೆಯಮ್ಮನಿಗೆ ಇನ್ನೊಂದು ಸಿಟ್ಟು. ಅವರ ಯಜಮಾನ್ರಿಗೆ ಸಕ್ಕರೆ ಕಾಯಿಲೆ ಇತ್ತಂತೆ, ಬೇಕಂತ್ಲೇ ಆಡಿಕೊಂಡೆ ಅಂದ್ಕೊಂಡ್ರು.

ಆಮೇಲೆ ಅವ್ವ ಹೇಳಿದ್ದು: ನಲ್ಲಿ ಮನೆಯಮ್ಮನ ನಾದಿನಿ ಮಗಳನ್ನ ನನಗೆ ಕೇಳೋಣ ಅಂತ ಮಾತಾಗಿತ್ತಂತೆ. ಬೋರಿನ ಮನೆಯಮ್ಮನ ಅಕ್ಕನ ಮಗಳನ್ನೂ ಕೇಳೋಣ ಅಂತ ಇತ್ತಂತೆ. ಒಂದೇ ಬೀದೀಲಿ, ಒಂದೇ ಬೆಳಿಗ್ಗೆ, ಎರಡು ಸಂಬಂಧ ಕಳ್ಕೊಂಡೋನು ಸಕಲೇಶಪುರದಲ್ಲಿ ನಾನೊಬ್ಬನೇ ಇರಬೇಕು.

ಬಚ್ಚಲಿಂದ ಬಾರದ ಅಳಿಯ

ದೀಪಾವಳಿ ದಿನ ಬೆಳಿಗ್ಗೆ ಹೊಳೆ ದಂಡೆಯ ಒಂದು ಮನೆಯಿಂದ ಫೋನು ಬಂತು. ಫಿಲ್ಟರ್ ಕೆಟ್ಟಿಲ್ಲ, ಅಳಿಯ ಬಚ್ಚಲಿಂದ ಹೊರಗೆ ಬರ್ತಿಲ್ಲ, ಬೇಗ ಬಾ ಅಂದ್ರು. ನನಗೂ ಬಚ್ಚಲ ಅಳಿಯನಿಗೂ ಏನು ಸಂಬಂಧ ಅಂತ ತಿಳೀಲಿಲ್ಲ. ಆದ್ರೂ ಹೋದೆ.

ಹೊಸ ಅಳಿಯ, ಚಿತ್ರದುರ್ಗದ ಕಡೆಯೋನು. ಹುಟ್ಟಿದಾಗಿಂದ ಬೋರ್ ನೀರಲ್ಲೇ ಸ್ನಾನ. ಇಲ್ಲಿ ಮೊದಲ ಹಬ್ಬದ ಎಣ್ಣೆಸ್ನಾನಕ್ಕೆ ಹೊಳೆ ನೀರು ಕಾಯಿಸಿ ಕೊಟ್ಟಿದ್ರು. ಒಂದು ಹಂಡೆ ಖಾಲಿಯಾಯ್ತು, ಎರಡಾಯ್ತು, ಮೂರನೇದು ಒಲೆ ಮೇಲಿತ್ತು. ಮನೆಯವರೆಲ್ಲ ಹೊಸ ಬಟ್ಟೆ ಹಾಕ್ಕೊಂಡು, ಕಡುಬಿನ ಮುಂದೆ ಹಸ್ಕೊಂಡು ಕೂತಿದ್ರು. ನಾನು ಬಚ್ಚಲ ಬಾಗಿಲಿಗೆ ಬಾಯಿಟ್ಟು ಏನು ತೊಂದರೆ ಅಂತ ಕೇಳಿದೆ.

"ಎಷ್ಟು ಹುಯ್ಕೊಂಡ್ರೂ ಸೋಪು ಹೋಗಂಗೇ ಇಲ್ರೀ. ಇನ್ನೂ ಜಾರ್ತೈತಿ."

ಸೋಪು ಯಾವಾಗ್ಲೋ ಹೋಗೈತೆ, ಮೆದು ನೀರಲ್ಲಿ ಮೈ ಹಂಗೇ ನುಣ್ಣಗೆ ಅನ್ನಿಸುತ್ತೆ ಅಂತ ಎಷ್ಟು ಹೇಳಿದ್ರೂ ಆ ಪುಣ್ಯಾತ್ಮ ನಂಬಲಿಲ್ಲ. ಅವರೂರಲ್ಲಿ ಸೋಪು ಹೋದ್ರೆ ಮೈ ಉಜ್ಜಿದಾಗ ಕಿರ್ ಅನ್ಬೇಕಂತೆ. ಕೊನೆಗೆ ಮಾವನೇ ರೇಷ್ಮೆ ಶಲ್ಯ ಹೆಗಲ ಮೇಲೆ ಹಾಕ್ಕೊಂಡು, ಹಿಂದಿನ ಬೀದೀಲಿ ಬೋರ್ ಇದ್ದೋರ ಮನೆಗೆ ಹೋಗಿ ಒಂದು ಬಕೆಟ್ ಗಡಸು ನೀರು ಬೇಡಿ ತಂದ್ರು. ಬಾಗಿಲ ಸಂದೀಲಿ ಒಳಗೆ ಕೊಟ್ವಿ. ಎರಡು ಚೊಂಬು ಹುಯ್ಕೊಂಡಿದ್ದೇ, ಒಳಗಿಂದ ಕಿರ್ ಅಂತ ಶಬ್ದ ಬಂತು. ಅಳಿಯ ನಗ್ತಾ ಹೊರಗೆ ಬಂದ.

ಈಗಲೂ ಆ ಮಾವ ಪ್ರತಿ ಹಬ್ಬಕ್ಕೂ, ಮನೆ ಹಿಂದೆ ಹೊಳೆ ಹರೀತಾ ಇದ್ರೂ, ಬಕೆಟ್ ಹಿಡಿದು ಬೋರ್ ನೀರಿಗೆ ಹೋಗ್ತಾರೆ. ಅವತ್ತು ಕಡುಬು ತಿನ್ನುವಾಗ ನಾನು ಸುಮ್ಮನಿರದೆ, ನನಗೆ ಯಾರಾದ್ರೂ ಮಗಳನ್ನ ಕೊಟ್ರೆ ಕೆಸರು ನೀರಲ್ಲೂ ಮೀಯ್ತೀನಿ ಸ್ವಾಮಿ ಅಂದೆ. ಅವರಿಗೆ ಇನ್ನೊಬ್ಬ ಮಗಳಿದ್ಲು. ಅವರು ಕಾಫಿ ರೇಟಿನ ಮಾತು ತೆಗೆದ್ರು.

ದೋಣಿಗಲ್ಲಿನ ಕಾಫಿ

ದೋಣಿಗಲ್ ಹತ್ರ ಒಂದು ಎಸ್ಟೇಟು. ಯಜಮಾನ್ರು ಹೊರದೇಶದ ಕಾಫಿ ಮೆಷಿನ್ ತರಿಸಿದ್ರು. ಅವರ ಬೋರ್ ನೀರಿಗೆ ಆರೇ ತಿಂಗಳಲ್ಲಿ ಮೆಷಿನ್ನಿನ ಹೊಟ್ಟೆಯೆಲ್ಲ ಸುಣ್ಣ ಕಟ್ಟಿ, ಕೆಮ್ಮೋದಕ್ಕೆ ಶುರು ಮಾಡ್ತು. ನಾನು ಹೋಗಿ ಕ್ಲೀನ್ ಮಾಡಿ, ಗೋಡೆಗೊಂದು ದೊಡ್ಡ ಫಿಲ್ಟರ್ ಹಾಕಿ, ನೀರಿನ ನಂಬರ್ ಹನ್ನೆರಡಕ್ಕೆ ಇಳಿಸಿದೆ. ನನ್ನ ಕೈಕೆಲಸಕ್ಕೆ ನಾನೇ ಹೆಮ್ಮೆಪಟ್ಕೊಂಡೆ. ಯಜಮಾನ್ರು ಒಂದು ಗುಟುಕು ಕುಡಿದು ಲೋಟ ಕೆಳಗಿಟ್ರು.

"ಇದೇನಯ್ಯಾ ಮಾರಾಯ, ಕಾಫಿ ಕುಡಿದಂಗಿಲ್ಲ. ಕಾಫಿ ತೋಟದ ಪಕ್ಕ ನಡ್ಕೊಂಡು ಹೋದಂಗೈತೆ."

ಮೂರು ದಿನ ತಿರುಪು ತಿರುಗಿಸಿದೆ. ದಿನಾ ಅದೇ ಮಾತು. ನಾಲ್ಕನೇ ದಿನ ಅಳುಕ್ತಾ ಹೋದ್ರೆ ಯಜಮಾನ್ರು ಜಗಲೀಲಿ ಕಾಲು ಚಾಚ್ಕೊಂಡು, ಇದು ನೋಡು ಕಾಫಿ ಅಂದ್ರೆ, ಫಿಲ್ಟರ್ ಅಂದ್ರೆ ಇದು, ನಿನ್ನ ಕೈಯಲ್ಲಿ ಏನೋ ಐತೆ ಕಣಯ್ಯಾ ಅಂತ ಬೆನ್ನು ತಟ್ಟಿದ್ರು. ನಾನು ಹಿಂದಿನ ಸಂಜೆಯಿಂದ ಏನೂ ಮುಟ್ಟಿರಲಿಲ್ಲ. ಮೆಷಿನ್ನಿನ ನೀರಿಗೆ ಮೀಟರ್ ಅದ್ದಿದೆ, ನಾನೂರರ ಮೇಲಿತ್ತು.

ಎಸ್ಟೇಟಿನ ಲೆಕ್ಕ ಬರೆಯೋ ರೈಟರ್ರು ನನ್ನನ್ನ ಸ್ಟೋರಿನ ಹಿಂದೆ ಕರ್ಕೊಂಡು ಹೋಗಿ ವಿಷಯ ಹೇಳಿದ್ರು. ತಾವೇ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಎದ್ದು, ಆಳುಗಳ ಲೈನ್ ಮನೆ ನಲ್ಲಿಯಿಂದ ಅದೇ ಹಳೇ ಬೋರ್ ನೀರು ತಂದು ಮೆಷಿನ್ನಿಗೆ ತುಂಬಿದ್ರಂತೆ. ಇಪ್ಪತ್ತು ವರ್ಷದಿಂದ ಯಜಮಾನ್ರ ನಾಲಿಗೆ ಆ ನೀರಿಗೆ ಒಗ್ಗಿಹೋಗೈತೆ, ಸುಣ್ಣ ಕಟ್ಟಿದ್ರೆ ನಾನು ನಿಂಬೆಹಣ್ಣು ಹಾಕಿ ತೆಗೀತೀನಿ, ನೀವು ಬಾಯಿ ಮುಚ್ಕೊಂಡಿರಿ ಅಂದ್ರು. ಮುಚ್ಕೊಂಡೆ.

ಯಜಮಾನ್ರು ಸುತ್ತಲಿನ ಆರು ಎಸ್ಟೇಟಿನವರನ್ನ ಕರೆದು ಕಾಫಿ ಕುಡಿಸಿದ್ರು. ಆರು ಎಸ್ಟೇಟಿನವರೂ ಫಿಲ್ಟರ್ ಹಾಕಿಸಿದ್ರು. ಆರೂ ಕಡೆ ಕಾಫಿ ಸಪ್ಪೆಯಾಯ್ತು. ಆರೂ ಕಡೆ ರೈಟರ್ರು ನಮ್ಮ ರೈಟರ್ರ ಹತ್ರ ಬಂದು ಉಪಾಯ ಕಲ್ತ್ಕೊಂಡು ಹೋದ್ರು. ಈಗ ಆ ಏಳು ಫಿಲ್ಟರೂ ಗೋಡೆ ಮೇಲೆ ಹಸಿರು ದೀಪ ಉರಿಸ್ಕೊಂಡು ಕೂತಿದಾವೆ. ವರ್ಷಕ್ಕೆರಡು ಸಲ ಸರ್ವೀಸಿಗೆ ಹೋಗ್ತೀನಿ. ಅವುಗಳಷ್ಟು ಚೊಕ್ಕವಾಗಿರೋ ಫಿಲ್ಟರು ಹಾಸನ ಜಿಲ್ಲೇಲಿ ಎಲ್ಲೂ ಇಲ್ಲ, ಯಾಕಂದ್ರೆ ಅವುಗಳ ಒಳಗೆ ನೀರೇ ಹೋಗಲ್ಲ.

ನಾನು ಮಾಡದೇ ಇದ್ದ ಆ ಕೆಲಸಕ್ಕೆ ದೇವರು ಫಲ ಕೊಟ್ಟ. ಯಜಮಾನ್ರು ಖುಷೀಲಿ, ಕುಂದೂರಿನ ಹತ್ರ ಒಂದು ಹಳ್ಳೀಲಿ ತಮಗೆ ಗೊತ್ತಿರೋ ಗೌಡ್ರ ಮನೆಗೆ ನನ್ನ ವಿಷಯ ಹೇಳಿದ್ರು. ಗೌಡ್ರು, ಹುಡುಗ ಬಂದು ನೋಡ್ಲಿ ಅಂದ್ರು.

ನೀರು ಬೆಲ್ಲ

ಹೊರಡೋ ದಿನ ಅವ್ವ ನನ್ನ ಬ್ಯಾಗಿಂದ ಮೀಟರ್ ತೆಗೆದು ಅಕ್ಕಿ ಡಬ್ಬದಲ್ಲಿ ಹೂತಿಟ್ಲು. ಇವತ್ತು ಒಂದಿನ ಮನುಷ್ಯನ ಥರ ಇರು ಅಂತ ಕೈ ಮುಗಿದ್ಲು. ನಾನೂ ಆಣೆ ಮಾಡಿದೆ. ಆದ್ರೆ ನನ್ನ ಹತ್ರ ಎರಡು ಮೀಟರು. ಇನ್ನೊಂದು ಶರ್ಟಿನ ಜೇಬಲ್ಲೇ ಇತ್ತು. ದೇವರಾಣೆ, ಬೇಕಂತ ಇಟ್ಟಿದ್ದಲ್ಲ. ಶರ್ಟು ಹಾಕಿದ ತಕ್ಷಣ ಕೈ ತಾನಾಗೇ ಮೀಟರ್ ಸಿಗಿಸುತ್ತೆ.

ಗೌಡ್ರು ದೊಡ್ಡ ಮೀಸೆಯ ಒಳ್ಳೇ ಮನುಷ್ಯ. ಗದ್ದೆ, ಸ್ವಲ್ಪ ಕಾಫಿ, ಮೆಣಸು. ಆದ್ರೆ ಅವರ ಹೆಮ್ಮೆ ಗದ್ದೆ ಮೇಲಲ್ಲ, ನೀರಿನ ಮೇಲೆ. ಮನೆ ಹಿಂದಿನ ಗುಡ್ಡದ ಒರತೆಯಿಂದ ಅವರಜ್ಜನ ಕಾಲದಿಂದ ನೀರು ಬರ್ತೈತಂತೆ. ಈ ನೀರು ಕುಡಿದೋರು ಬೇರೆ ನೀರು ಮುಟ್ಟಲ್ಲ, ಈ ನೀರಲ್ಲಿ ಬೇಯದ ಕಾಳಿಲ್ಲ ಅಂತ ಅರ್ಧ ಗಂಟೆ ಹೇಳಿದ್ರು. ಅಷ್ಟೊತ್ತಿಗೆ ಹುಡುಗಿ ತಟ್ಟೇಲಿ ಬೆಲ್ಲ, ಚೊಂಬಲ್ಲಿ ನೀರು ತಂದು ನನ್ನ ಮುಂದಿಟ್ಲು.

ನಾನು ಹುಡುಗೀನ ನೋಡಬೇಕಿತ್ತು. ಚೊಂಬು ನೋಡಿದೆ. ಒಳಗೆ ಅಂಚಿನ ಸುತ್ತ ಸಣ್ಣ ಬಿಳಿ ಗೆರೆ. ಒರತೆ ನೀರಿಗೆ ಬಿಳಿ ಗೆರೆ ಹೆಂಗೆ ಬರುತ್ತೆ ಅಂತ ತಲೆ ಯೋಚಿಸ್ತಿತ್ತು, ಕೈ ಜೇಬಿಗೆ ಹೋಗಿತ್ತು. ನನಗೆ ಎಚ್ಚರ ಆಗೋ ಹೊತ್ತಿಗೆ ಮೀಟರ್ ಚೊಂಬಿನೊಳಗಿತ್ತು, ಬಾಯಿ ಆರುನೂರ ಹತ್ತು ಅಂತ ಜೋರಾಗಿ ಓದಿತ್ತು.

ಅವ್ವ ಸೆರಗಿಂದ ಮುಖ ಮುಚ್ಕೊಂಡ್ಲು. ಮನೆಗೆ ಬಂದೋರಿಗೆ ಕೊಟ್ಟ ನೀರು ಬೆಲ್ಲ ಮುಟ್ಟದೇ ಇರೋದೇ ಅವಮಾನ. ನಾನು ಅದನ್ನ ಅಳತೆ ಮಾಡಿದ್ದೆ. ಗೌಡ್ರು ಏನದು ಅಂತ ಮೆತ್ತಗೆ ಕೇಳಿದ್ರು. ಹೆದರಿಕೇಲಿ ನನಗೆ ಸುಳ್ಳು ಹೊಳೀಲಿಲ್ಲ. ಇದು ಒರತೆ ನೀರಲ್ಲ ಗೌಡ್ರೇ, ಬೋರ್ ನೀರು ಅಂದುಬಿಟ್ಟೆ. ಅವರ ಮೀಸೆ ನಡುಗ್ತು. ಭೂಮಿ ಬಾಯಿ ಬಿಟ್ರೆ ಒಳಗೆ ಹೋಗಬಹುದಿತ್ತು ಅಂತ ನನಗೆ ನಿಜವಾಗಿ ಅನ್ನಿಸ್ತು.

ಆಗ ಹುಡುಗಿ ಮಾತಾಡಿದ್ಲು. ಹೋದ ವಾರ ಆನೆ ಬಂದು ಗುಡ್ಡದ ಪೈಪನ್ನ ತುಳಿದು ಹಾಕ್ಬುಡ್ತು, ಅವತ್ತಿಂದ ಬೋರ್ ನೀರೇ, ಬಂದೋರಿಗೆ ಇದ್ದದ್ದು ಹೇಳಿ ಅಂದೆ, ಅಪ್ಪ ಮರ್ಯಾದೆ ಪ್ರಶ್ನೆ ಅಂತ ಕೇಳಲಿಲ್ಲ ಅಂದ್ಲು. ಆ ಊರಿನ ನೀರು ಪರೀಕ್ಷೆ ಮಾಡೋಳು ಅವಳೇ. ಪಂಚಾಯ್ತಿಯವರು ಕಲಿಸಿ, ಪರೀಕ್ಷೆ ಪೆಟ್ಟಿಗೆ ಕೊಟ್ಟಿದ್ರು. ಆಮೇಲೆ ನನ್ನ ಕಡೆ ತಿರುಗಿದ್ಲು.

"ನಿಮ್ಮ ಮೀಟರು ಸರಿಯಾಗೇ ತೋರಿಸೈತೆ. ಆದ್ರೆ ಮೊದ್ಲು ಒಂದು ಗುಟುಕು ಕುಡೀಬೇಕು ಕಣ್ರೀ, ಆಮೇಲೆ ಅಳೀಬೇಕು."

ನಾನು ಅವಳ ಮುಖಾನ ಆಗ ಮೊದಲ ಸಲ ನೋಡಿದೆ. ನಗು ತಡ್ಕೊಂಡಿದ್ಲು. ಮದುವೆಯಾದ್ರೆ ಇವಳನ್ನೇ ಅಂತ ಅಲ್ಲೇ ಅನ್ನಿಸ್ಬುಡ್ತು. ಅಷ್ಟರಲ್ಲಿ ಗೌಡ್ರು ಎದ್ದು, ಆಯ್ತು, ತಿಳಿಸ್ತೀವಿ ಅಂದ್ರು. ನಮ್ಮ ಕಡೆ ತಿಳಿಸ್ತೀವಿ ಅಂದ್ರೆ ತಿಳಿಸೋದಿಲ್ಲ ಅಂತ ಎಲ್ಲರಿಗೂ ಗೊತ್ತು.

ಬಸ್ಸಲ್ಲಿ ಅವ್ವ ಆಲೂರು ಬರೋ ತನಕ ಕಿಟಕಿ ಕಡೆ ಮುಖ ಮಾಡಿ ಕೂತಿದ್ಲು. ಆಲೂರು ಬಸ್ ಸ್ಟ್ಯಾಂಡಲ್ಲಿ ಇಳಿದ ಮೇಲೆ ಒಂದೇ ಮಾತು ಅಂದ್ಲು.

"ಬೆಲ್ಲಾನಾದ್ರೂ ತಿನ್ಬೇಕಿತ್ತು ಕಣೋ."

ಮೂವತ್ತೆಂಟು

ಹತ್ತು ದಿನ ನನಗೆ ಊಟ ಸೇರಲಿಲ್ಲ. ಹನ್ನೊಂದನೇ ದಿನ ಗೌಡ್ರ ಫೋನು ಬಂತು. ಪೈಪ್ ರಿಪೇರಿ ಆಯ್ತು, ಈಗ ಬಂದು ಅಳೀರಿ ಅಂತ ಹೇಳಿ ಇಟ್ಟುಬಿಟ್ರು. ಹೆಣ್ಣಿನ ವಿಷಯ ಎತ್ತಲಿಲ್ಲ.

ಬೈಕ್ ಹತ್ತಿ ಹೋದೆ. ಜಗಲಿ ಮೇಲೆ ಊರಿನ ಎಂಟು ಹತ್ತು ಜನ ಪಂಚಾಯ್ತಿಗೆ ಕೂತಂಗೆ ಕೂತಿದ್ರು. ತಾವು ಸುಳ್ಳುಗಾರರಲ್ಲ ಅಂತ ಗೌಡ್ರು ಎಲ್ಲರ ಮುಂದೆ ತೋರಿಸಬೇಕಿತ್ತು. ಹುಡುಗಿ ಬೆಲ್ಲ, ನೀರು ತಂದಿಟ್ಲು. ಈ ಸಲ ನಾನು ಬೆಲ್ಲ ಪೂರ್ತಿ ತಿಂದೆ, ಚೊಂಬು ಎತ್ತಿ ಗಟಗಟ ಕುಡಿದೆ. ನಿಜ ಹೇಳ್ತೀನಿ, ಅಂಥ ನೀರು ನಾನು ಕುಡಿದಿರಲಿಲ್ಲ. ಕೊನೇಲಿ ಉಳಿದಿದ್ದಕ್ಕೆ ಮೀಟರ್ ಅದ್ದಿದೆ. ಮೂವತ್ತೆಂಟು.

ಗೌಡ್ರು ಮೀಟರ್ ಇಸ್ಕೊಂಡು ಒಬ್ಬೊಬ್ಬರಿಗೂ ಕನ್ನಡಕ ಹಾಕಿಸಿ ಓದಿಸಿದ್ರು. ಮೂಲೇಲಿ ಕೂತಿದ್ದ ಒಬ್ಬ ಮುದುಕಪ್ಪ ಬಹಳ ಹೊತ್ತು ನೋಡಿ, ಗೌಡ್ರಿಗೆ ಸಮಾಧಾನ ಹೇಳಿದ.

"ಹೋಗ್ಲಿ ಬುಡು, ಪಾಸಾಗಕ್ಕೆ ಮೂವತ್ತೈದು ಸಾಕಲ್ಲ."

ಗೌಡ್ರು ಅದಕ್ಕೂ ನಕ್ರು. ಹುಡುಗ ಇದ್ದದ್ದನ್ನ ಇದ್ದಂಗೆ ಹೇಳೋನು, ಮುಖ ನೋಡಿ ನಂಬರ್ ಬದಲಾಯಿಸೋನಲ್ಲ, ಇಂಥವನಿಗೆ ಮಗಳನ್ನ ಕೊಡಬಹುದು ಅಂದ್ರು. ಮಗಳನ್ನ ಕೇಳಿದ್ರು. ಅವಳು ಅಪ್ಪನ ಕೈಯಿಂದ ಮೀಟರ್ ತಗೊಂಡು, ತೊಳೆದು ಒರೆಸಿ ನನಗೆ ವಾಪಸ್ ಕೊಟ್ಟು, ಒಂದು ನೀರಿಂದ ಇನ್ನೊಂದು ನೀರಿಗೆ ಅದ್ದೋ ಮುಂಚೆ ಹಿಂಗೆ ತೊಳೀಬೇಕು, ನೀವು ತೊಳೆಯಲ್ಲ ಅಂತ ಅವತ್ತೇ ನೋಡಿದೆ ಅಂದ್ಲು. ಅದೇ ಒಪ್ಪಿಗೆ ಅಂತ ಅವಳ ತಾಯಿ ಅರ್ಥ ಮಾಡಿ ಹೇಳಿದ್ರು.

ನಿಶ್ಚಿತಾರ್ಥಕ್ಕೆ ಏನು ಬೇಕು ಅಂತ ಕೇಳಿದ್ದಕ್ಕೆ ಉಂಗುರದ ಜೊತೆ ತನಗೂ ಒಂದು ಮೀಟರ್ ಬೇಕು ಅಂದ್ಲು. ಅವ್ವ ಹಣೆ ಹಣೆ ಚಚ್ಕೊಂಡ್ಲು.

ಧಾರೆ

ಮದುವೆ ಆಲೂರಿನ ಒಂದು ಛತ್ರದಲ್ಲಿ. ಧಾರೆ ಎರೆಯೋದಕ್ಕೆ ಛತ್ರದ ಬೋರ್ ನೀರು ಬೇಡ, ನಮ್ಮ ಒರತೆ ನೀರೇ ಆಗಬೇಕು ಅಂತ ಗೌಡ್ರು ಊರಿಗೆಲ್ಲ ಸಾರಿದ್ರು. ತಾಮ್ರದ ಬಿಂದಿಗೆ ತುಂಬಿ, ಜೀಪಲ್ಲಿ ಮಗುವಿನಂಗೆ ತೊಡೆ ಮೇಲೆ ಇಟ್ಕೊಂಡು ಬಂದ್ರು. ಅವರು ಇಳಿಯುವಾಗ ಹೊಸ ಪಂಚೆ ಸೊಂಟದಿಂದ ಪಾದದ ತನಕ ಒದ್ದೆಯಾಗಿತ್ತು. ಸೆಖೆ ಅಂತ ಮುಖ ತೊಳ್ಕೊಂಡಿರಬೇಕು ಅಂತ ನಾನು ಸುಮ್ಮನಾದೆ.

ಅವ್ವ ಬೆಳಿಗ್ಗೆಯೇ ನನ್ನನ್ನ ಕೋಣೆಗೆ ಕರೆದು ತಪಾಸಣೆ ಮಾಡಿದ್ಲು. ಜುಬ್ಬದ ಜೇಬು, ಪಂಚೆ ಮಡಿಕೆ, ಪೇಟದ ಒಳಗೆ, ಎಲ್ಲ ತಡಕಾಡಿ, ಎರಡೂ ಮೀಟರ್ ಬಾಳ್ಳುಪೇಟೆ ಮನೆಯಲ್ಲೇ ಇದಾವೆ ಅಂತ ಖಾತ್ರಿ ಮಾಡ್ಕೊಂಡ ಮೇಲೇ ಹಸೆಮಣೆಗೆ ಬಿಟ್ಲು.

ಪುರೋಹಿತರು ಧಾರೆಯ ಚೊಂಬು ತಂದು ನಮ್ಮಿಬ್ಬರ ನಡುವೆ ಇಟ್ಟು, ಪುಸ್ತಕದ ಹಾಳೆ ಹುಡುಕೋದಕ್ಕೆ ಆ ಕಡೆ ತಿರುಗಿದ್ರು. ನಾನು ಚೊಂಬಿನ ಕಡೆ ನೋಡಬಾರದು ಅಂತ ಕಣ್ಣು ಮುಚ್ಕೊಂಡೆ. ಕಣ್ಣು ಬಿಟ್ರೆ ಚೊಂಬಲ್ಲಿ ಮೀಟರು. ಅವ್ವ ನನ್ನ ಜೇಬೆಲ್ಲ ತಡಕಿದ್ಲು, ಸೊಸೆಯ ಸೊಂಟದ ನೆರಿಗೆ ತಡಕಿರಲಿಲ್ಲ.

ಐನೂರ ತೊಂಬತ್ತು.

ಬಿಂದಿಗೆ ಜೀಪಲ್ಲೇ ಮಗುಚಿರಬೇಕು, ಇಲ್ಲಿ ಬಂದು ಛತ್ರದ ಬೋರ್ ನೀರು ತುಂಬಿಸಿದಾರೆ ಅಂತ ಅವಳು ತುಟಿ ಅಲ್ಲಾಡಿಸದೆ ಹೇಳಿದ್ಲು. ತಲೆ ಎತ್ತಿ ನೋಡಿದ್ರೆ ಎದುರಿಗೆ ಗೌಡ್ರು. ಅವರ ಕಣ್ಣು ಮೀಟರ್ ಮೇಲೆ. ಒದ್ದೆ ಪಂಚೆ ಕಾಲಿಗೆ ಅಂಟಿತ್ತು, ಮುಖದಲ್ಲಿ ರಕ್ತ ಇರಲಿಲ್ಲ. ಅವರ ಹಿಂದೆ ಕುಂದೂರಿನ ನೆಂಟರೆಲ್ಲ ನಿಂತಿದ್ರು, ಆ ಮುದುಕಪ್ಪನೂ ಇದ್ದ. ಎಲ್ಲರೂ ಬಗ್ಗಿ ನೋಡ್ತಿದ್ರು. ಗೌಡ್ರೇ ಕೇಳಿದ್ರು.

"ಎಷ್ಟು ತೋರಿಸ್ತೈತೆ, ಅಳಿಯಂದ್ರೇ?"

ಇದ್ದದ್ದನ್ನ ಇದ್ದಂಗೆ ಹೇಳ್ತಾನೆ ಅಂತ್ಲೇ ನನಗೆ ಮಗಳನ್ನ ಕೊಡ್ತಾ ಇದ್ದ ಮನುಷ್ಯ ಅವರು. ಅವ್ವ ಆಗ್ಲೇ ಸೆರಗು ಮುಖಕ್ಕೆ ಎತ್ಕೊಂಡಿದ್ಲು. ನಾನು ಮೀಟರ್ ಎತ್ತಿ ನೋಡಿದೆ, ಗುಂಡಿ ಒತ್ತಿ ಆರಿಸಿದೆ.

"ಮೂವತ್ತೆಂಟು, ಮಾವ."

ಗೌಡ್ರು ಉಸಿರು ಬಿಟ್ರು. ಕಣ್ಣು ಒರೆಸ್ಕೊಂಡು ಚೊಂಬೆತ್ತಿ ನಮ್ಮ ಕೈ ಮೇಲೆ ಧಾರೆ ಎರೆದ್ರು. ಅಷ್ಟು ಗಡಸು ನೀರು ಅಷ್ಟು ಮೆತ್ತಗೆ ಬಿದ್ದಿದ್ದನ್ನ ನಾನು ಎಲ್ಲೂ ನೋಡಿಲ್ಲ. ನೀರು ಇಳಿಯೋ ಸದ್ದಲ್ಲೇ ಅವಳು ನನ್ನ ಕಡೆ ಸ್ವಲ್ಪ ವಾಲಿದ್ಲು.

"ಈಗ ಪಾಸಾದ್ರಿ."